ಸಿ-60ಕ್ಕೆ ಒಂದೇ ಪೀಕ್, ಸಿ-70ಕ್ಕೆ ಐದು: ಯಾಕೆ?

ದಾವಣಗೆರೆಯಲ್ಲಿ, ತೋಳಹುಣಸೆ ಕ್ಯಾಂಪಸ್ಸಿನಲ್ಲಿ ನನ್ನ ಜೊತೆ ಸ್ಪೆಕ್ಟ್ರೋಸ್ಕೋಪಿ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಸಿ-60 ಎಂದರೆ 60 ಕಾರ್ಬನ್ ಪರಮಾಣುಗಳ ಅಣು, ಸಿ-70 ಎಂದರೆ 70ರದ್ದು. ಪೀಕ್ ಎಂದರೆ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟ ಪರಮಾಣು ಬೀಜಗಳು ಯಾವ ರೇಡಿಯೊ ಆವೃತ್ತಿಗೆ ಸ್ಪಂದಿಸುತ್ತವೆ ಎಂದು ನೋಡುವ ವಿಧಾನ) ನಕ್ಷೆಯಲ್ಲಿ ಏಳುವ ಗೆರೆ. ಲಾರ್ಮರ್ ಆವೃತ್ತಿ (ಬೀಜ ಸ್ಪಂದಿಸುವ ಆ ಆವೃತ್ತಿ), ಕೆಮಿಕಲ್ ಶಿಫ್ಟ್ (ಪರಮಾಣುವಿನ ಸುತ್ತಲಿನ ಪರಿಸರದಿಂದ ಅದರಲ್ಲಾಗುವ ಸಣ್ಣ ಬದಲಾವಣೆ, ಅಳತೆ ಪಿಪಿಎಂನಲ್ಲಿ) ನಿಮಗೆ ಗೊತ್ತಿವೆ ಎಂದುಕೊಂಡೇ ಮುಂದೆ ಹೋಗುತ್ತೇನೆ.

ಹಿನ್ನೆಲೆ

1985ರಲ್ಲಿ ಕ್ರೋಟೋ, ಕರ್ಲ್, ಸ್ಮಾಲಿ ಅವರಿಗೆ ಸಿ-60 ಕಂಡದ್ದು ಮಾಸ್ ಸ್ಪೆಕ್ಟ್ರಮ್‌ನಲ್ಲಿ. ಅದು ಹೇಳುವುದು ತೂಕವನ್ನು ಮಾತ್ರ. ಚೆಂಡಿನ ಆಕಾರ ಆಗಿನ್ನೂ ಊಹೆ. 1990ರಲ್ಲಿ ಕ್ರಾಚ್ಮರ್ ಮತ್ತು ಹಫ್‌ಮನ್ ತಂಡ ಅದನ್ನು ಕೈಗೆ ಸಿಗುವಷ್ಟು ತಯಾರಿಸಿತು. ಅದೇ ವರ್ಷ ಸಸೆಕ್ಸ್‌ನಲ್ಲಿ ಕ್ರೋಟೋ ತಂಡ ತೆಗೆದ ಕಾರ್ಬನ್-13 ಎನ್‌ಎಂಆರ್‌ನಲ್ಲಿ 143 ಪಿಪಿಎಂ ಹತ್ತಿರ ಒಂದೇ ಪೀಕ್ ಬಂತು. ಸಿ-70ಕ್ಕೆ ಐದು.

ಕಾರ್ಬನ್-12ಕ್ಕೆ ನ್ಯೂಕ್ಲಿಯರ್ ಸ್ಪಿನ್ (ಬೀಜವನ್ನು ಪುಟ್ಟ ಅಯಸ್ಕಾಂತವಾಗಿಸುವ ಗುಣ) ಸೊನ್ನೆ, ಹಾಗಾಗಿ ಎನ್‌ಎಂಆರ್‌ಗೆ ಅದು ಕಾಣುವುದಿಲ್ಲ. ಶೇ. 1.1ರಷ್ಟಿರುವ ಕಾರ್ಬನ್-13 ಮಾತ್ರ ಕಾಣುತ್ತದೆ. 0.989ರ 60ನೇ ಘಾತ ತೆಗೆದು ನೋಡಿ: ಸುಮಾರು ಅರ್ಧದಷ್ಟು ಅಣುಗಳಲ್ಲಿ ಒಂದೂ ಕಾರ್ಬನ್-13 ಇರುವುದಿಲ್ಲ. ಆದರೂ ಕೋಟ್ಯಂತರ ಅಣುಗಳು ಸೇರಿದಾಗ ಎಲ್ಲ ಸ್ಥಾನಗಳೂ ಲೆಕ್ಕಕ್ಕೆ ಬರುತ್ತವೆ.

ತೊಡಕಿನ ಜಾಗ

ಸಿ-60ರಲ್ಲಿ ಬಂಧಗಳು ಎರಡು ಬಗೆ. ಎರಡು ಷಡ್ಭುಜಗಳ ನಡುವಿನವು 30, ಪಂಚಭುಜ ಮತ್ತು ಷಡ್ಭುಜದ ನಡುವಿನವು 60. ಹಾಗಾದರೆ ಪೀಕ್ ಯಾಕೆ ಎರಡಿಲ್ಲ? ಎನ್‌ಎಂಆರ್ ಎಣಿಸುವುದು ಬಂಧಗಳ ಬಗೆಯನ್ನಲ್ಲ, ಪರಮಾಣುಗಳ ಬಗೆಯನ್ನು. ಯಾವ ಪರಮಾಣುವನ್ನು ಹಿಡಿದರೂ ಅದಕ್ಕೆ ಮೊದಲ ಬಗೆಯ ಬಂಧ ಒಂದು, ಎರಡನೆಯ ಬಗೆಯವು ಎರಡು.

“ಪ್ರತಿ ಪರಮಾಣುವಿನ ಸುತ್ತ ಒಂದು ಪಂಚಭುಜ, ಎರಡು ಷಡ್ಭುಜ ಇವೆ, ಆದ್ದರಿಂದ ಎಲ್ಲವೂ ಒಂದೇ” ಎಂದು ಬರೆದು ಮುಗಿಸಬೇಡಿ. ನಾನು ಬಹಳ ಹೊತ್ತು ನಿಂತದ್ದು ಇಲ್ಲೇ. ಸಿ-70ರಲ್ಲೂ 12 ಪಂಚಭುಜಗಳಿವೆ. ಒಂದರ ಮೂಲೆ ಇನ್ನೊಂದಕ್ಕೆ ತಾಗುವುದಿಲ್ಲ, ಹಾಗಾಗಿ 12 × 5 = 60 ಪರಮಾಣುಗಳಿಗೆ ಅಕ್ಕಪಕ್ಕ ಹಾಗೆಯೇ ಇದೆ. ಆದರೂ ಆ 60 ಪರಮಾಣುಗಳೇ ನಾಲ್ಕು ಪೀಕ್ ಕೊಡುತ್ತವೆ! ಪಕ್ಕದ ಮನೆ ನೋಡಿದರೆ ಸಾಲದು, ಇಡೀ ಅಣುವಿನ ಸಮಮಿತಿಯನ್ನು ನೋಡಬೇಕು.

ಕೇಳಬೇಕಾದ ಪ್ರಶ್ನೆ ಇದು: ಒಂದು ಪರಮಾಣುವನ್ನು ಇನ್ನೊಂದರ ಜಾಗಕ್ಕೆ ತಂದಾಗ ಇಡೀ ಅಣು ಮೊದಲಿನಂತೆಯೇ ಕಾಣುತ್ತದೆಯೇ?

ಹೈಸ್ಕೂಲ್ ಮೈದಾನದಲ್ಲಿ ಆಡುವ ಹುಡುಗರ ಹತ್ತಿರ ಕಪ್ಪು ಬಿಳುಪಿನ ಹಳೇ ಮಾದರಿಯ ಫುಟ್‌ಬಾಲ್ ಇದ್ದರೆ ಐದು ನಿಮಿಷ ಇಸಿದುಕೊಳ್ಳಿ. 12 ಕಪ್ಪು ಪಂಚಭುಜ, 20 ಬಿಳಿ ಷಡ್ಭುಜ, 60 ಮೂಲೆ. ಒಂದು ಮೂಲೆಗೆ ಸೀಮೆಸುಣ್ಣದಿಂದ ಗುರುತು ಹಾಕಿ. 12 ಕಪ್ಪು ತುಂಡುಗಳಲ್ಲಿ ಯಾವುದನ್ನಾದರೂ ಮೇಲಕ್ಕೆ ತರಬಹುದು, ತಂದಮೇಲೆ ಐದು ರೀತಿಯಲ್ಲಿ ತಿರುಗಿಸಿ ನಿಲ್ಲಿಸಬಹುದು. ಒಟ್ಟು 60 ತಿರುಗುವಿಕೆ. ಗುರುತಿನ ಮೂಲೆ 60 ಜಾಗಕ್ಕೂ ಒಂದೊಂದು ಸಲ ಹೋಗಿಬರುತ್ತದೆ, ಪ್ರತಿ ಸಲವೂ ಚೆಂಡು ಮೊದಲಿನಂತೆಯೇ ಇರುತ್ತದೆ. ಒಂದೇ ಪೀಕ್ ಎಂದರೆ ಇಷ್ಟೇ.

ಈಗ ಆ ಚೆಂಡನ್ನು ನಡುವೆ ಕತ್ತರಿಸಿ 10 ಪರಮಾಣುಗಳ ಪಟ್ಟಿ ಸೇರಿಸಿದರೆ ಸಿ-70. ಮೇಲಕ್ಕೆ ತರಬಹುದಾದ ಪಂಚಭುಜಗಳು ಈಗ ತುದಿಯ ಎರಡೇ. 2 × 5 = 10 ತಿರುಗುವಿಕೆ, ಕನ್ನಡಿ ಪ್ರತಿಫಲನ ಸೇರಿದರೆ 20. ಯಾವ ಗುಂಪಿನಲ್ಲೂ 20ಕ್ಕಿಂತ ಹೆಚ್ಚು ಪರಮಾಣು ಇರಲು ಸಾಧ್ಯವಿಲ್ಲ. ತುದಿಯ ಎರಡು ಪಂಚಭುಜಗಳಿಂದ 10. ಉಳಿದ ಹತ್ತರಲ್ಲಿ ಪ್ರತಿಯೊಂದಕ್ಕೂ ತುದಿಯ ಕಡೆ ಮುಖ ಮಾಡಿದ ಮೂಲೆ ಒಂದು, ಭುಜದಂತಿರುವವು ಎರಡು, ಬುಡದವು ಎರಡು: 10, 20, 20. ನಡುಪಟ್ಟಿಯವು 10. ಎಲ್ಲ ಸೇರಿ 70, ಗುಂಪು ಐದು. ನಡುಪಟ್ಟಿಯ ಪರಮಾಣುಗಳ ಸುತ್ತ ಮೂರೂ ಷಡ್ಭುಜಗಳೇ, ಅದಕ್ಕೇ ಅವುಗಳ ಪೀಕ್ ಉಳಿದ ನಾಲ್ಕರಿಂದ ದೂರ, 131 ಪಿಪಿಎಂ ಹತ್ತಿರ ನಿಲ್ಲುತ್ತದೆ.

ಘನ ರೂಪದಲ್ಲಿ

ಪುಡಿ ಮಾದರಿಯಲ್ಲಿ ಅಣುಗಳು ಬೇರೆ ಬೇರೆ ದಿಕ್ಕಿಗೆ ನಿಂತಿರುತ್ತವೆ, ದಿಕ್ಕು ಬದಲಾದರೆ ಶಿಫ್ಟ್ ಕೂಡ ಬದಲಾಗುತ್ತದೆ, ಹಾಗಾಗಿ ಸಾಮಾನ್ಯವಾಗಿ ಪೀಕ್ ಅಗಲ. ಕೋಣೆಯ ಉಷ್ಣತೆಯಲ್ಲಿ ಘನ ಸಿ-60ರ ಪೀಕ್ ಮಾತ್ರ ಚೂಪಾಗಿರುತ್ತದೆ. ಅಣುಗಳು ತಮ್ಮ ಜಾಗ ಬಿಡದೆ ಪಿಕೋಸೆಕೆಂಡುಗಳಲ್ಲಿ ದಿಕ್ಕು ಬದಲಿಸುತ್ತಾ ತಿರುಗುವುದರಿಂದ ದಿಕ್ಕಿನ ವ್ಯತ್ಯಾಸವೆಲ್ಲ ಸರಾಸರಿಯಾಗಿಬಿಡುತ್ತದೆ. ದ್ರವ ನೈಟ್ರೋಜನ್‌ನ 77 ಕೆಲ್ವಿನ್‌ಗೆ ತಂಪು ಮಾಡಿದರೆ ತಿರುಗುವ ವೇಗ ಕುಗ್ಗಿ, ಅದೇ ಪೀಕ್ ಅಗಲವಾಗಿ ಹರಡಿಕೊಳ್ಳುತ್ತದೆ.