ಅನುಕಂಪ: ಜೊತೆಗೆ ನಡುಗುವ ಪದ

ನಮ್ಮಲ್ಲಿ ‘ಅನುಕಂಪ’ ಅಂದರೆ ಮೊದಲು ನೆನಪಾಗುವುದು ನೌಕರಿ. ಅಪ್ಪ ಸರ್ವಿಸಿನಲ್ಲಿರುವಾಗಲೇ ತೀರಿಕೊಂಡರು, ಮಗನಿಗೆ ಅನುಕಂಪದ ಮೇಲೆ ಆಯಿತು ಅನ್ನುವ ಮಾತು ಧಾರವಾಡದ ಆಫೀಸುಗಳ ಮುಂದಿನ ಚಹಾದಂಗಡಿಗಳಲ್ಲಿ ಹೊಸದೇನಲ್ಲ. ಅದಕ್ಕೆಂದೇ ಸರ್ಕಾರದ 1996ರ ನಿಯಮಗಳಿವೆ. ಇನ್ನೊಂದು ಎಲೆಕ್ಷನ್ ಹೊತ್ತಿನ ‘ಅನುಕಂಪದ ಅಲೆ’. ಎರಡಕ್ಕೂ ಸಾಮಾನ್ಯವಾಗಿ ಯಾರಾದರೂ ಸತ್ತಿರಬೇಕು, ಅಲ್ವಾ?

ಪದವನ್ನು ಬಿಡಿಸಿದರೆ ಬೇರೆಯೇ ಕಾಣುತ್ತದೆ. ‘ಕಂಪ’ ಅಂದರೆ ನಡುಕ. ಭೂಕಂಪದಲ್ಲಿ ಇರುವುದೂ ಇದೇ. ‘ಅನು’ ಅಂದರೆ ಹಿಂದೆಯೇ, ಜೊತೆಗೆ. ಒಬ್ಬರು ನಡುಗಿದಾಗ ಪಕ್ಕದವರೂ ನಡುಗುವುದು ಅನುಕಂಪ. ಕನಿಕರವನ್ನು ಕಟ್ಟೆಯ ಮೇಲೆ ಕೂತು ಪಡಬಹುದು. ಇದನ್ನು ಹಾಗೆ ಪಡಲು ಬರುವುದಿಲ್ಲ. ನಮ್ಮ ಅಜ್ಜಿ ‘ಕಳ್ಳು ಚುರ್ ಅಂತು’ ಅನ್ನುತ್ತಿದ್ದಳಲ್ಲ, ಅದು ಹತ್ತಿರದ ಮಾತು. ಐದನೇ ಶತಮಾನದ ಬೌದ್ಧ ಪಂಡಿತ ಬುದ್ಧಘೋಷ ಕರುಣೆಗೆ ಕೊಟ್ಟ ಅರ್ಥವೂ ಹೆಚ್ಚುಕಡಿಮೆ ಅದೇ: ಇನ್ನೊಬ್ಬರ ದುಃಖ ಕಂಡಾಗ ಒಳ್ಳೆಯವರ ಎದೆ ನಡುಗುವುದು. ಅವನು ಎದೆ ಅಂದ, ಅಜ್ಜಿ ಕರುಳು ಅಂದಳು. ನನಗೆ ಅಜ್ಜಿಯದೇ ಜಾಸ್ತಿ ಸರಿ ಅನಿಸುತ್ತದೆ.

ಈ ಪದ ಬುದ್ಧನ ಒಂದು ಹಳೆಯ ಮಾತಿನಲ್ಲಿದೆ. ಆಗ ಅವನ ಶಿಷ್ಯರು ಅರವತ್ತು ಮಂದಿ. ಅವರನ್ನು ಕರೆದು ಊರೂರು ಸುತ್ತಲು ಕಳಿಸುವಾಗ ಹೇಳಿದ್ದು ಇದು: ‘ಬಹುಜನಹಿತಾಯ, ಬಹುಜನಸುಖಾಯ, ಲೋಕಾನುಕಂಪಾಯ’. ಇಬ್ಬರು ಒಂದೇ ದಾರಿ ಹಿಡಿಯಬೇಡಿ ಅಂತಲೂ ಹೇಳಿದ. ಮೊದಲ ಎರಡು ಮಾತು ಎಲ್ಲೋ ಕೇಳಿದಂತಿದೆಯೇ? ಆಕಾಶವಾಣಿಯ ಲಾಂಛನದಲ್ಲಿ ಇರುವುದು ಅವೇ. 1950ರಿಂದ ಧಾರವಾಡ ಆಕಾಶವಾಣಿ ಕೇಳಿಕೊಂಡು ಬೆಳೆದವರಿಗೂ ಮೂರನೆಯ ಮಾತು ಗೊತ್ತಿರುವುದು ಕಡಿಮೆ. ಲಾಂಛನದಲ್ಲಿ ಅದು ಇಲ್ಲವಲ್ಲ. ನನ್ನ ಲೆಕ್ಕದಲ್ಲಿ ಮುಖ್ಯವಾದದ್ದು ಅದೇ. ಹಿತ, ಸುಖ ಎರಡೂ ಬೇರೆಯವರಿಗೆ ಆಗಬೇಕಾದದ್ದು. ಅನುಕಂಪ ಆಗಬೇಕಾದದ್ದು ಹೊರಟವನ ಒಳಗೆ. ಬದುಕಿಗೆ ಗುರಿ ಏನು ಅಂತ ತಲೆ ಕೆಡಿಸಿಕೊಳ್ಳುವವರಿಗೆ ಬೌದ್ಧರ ಉತ್ತರ ಇಷ್ಟು ಚಿಕ್ಕದು: ಎದುರಿಗೆ ಯಾರು ನಡುಗುತ್ತಿದ್ದಾರೆ, ನೋಡು.

ಇದೆಲ್ಲ ದೂರದೂರಿನ ಸುದ್ದಿ ಅನ್ನಬೇಡಿ. ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಶಾಸನವಿದೆ. ಅಲ್ಲಿನ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರದ ವಿಷಯ ಅದರಲ್ಲಿ ಬರುತ್ತದೆ. ಜೊತೆಗೆ ತಾರಾದೇವಿಯ ಹೆಸರೂ ಇದೆ. ಬೌದ್ಧರಿಗೆ ತಾರೆ ಅಂದರೆ ಕರುಣೆಯ ದೇವಿ. ಇನ್ನು ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನ ಲಾಮಾಗಳನ್ನು ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ನೋಡದವರು ಯಾರು?

ಅಭ್ಯಾಸಕ್ಕೆ ಬರೋಣ. ಎಲ್ಲರಿಗೂ ಒಳ್ಳೆಯದಾಗಲಿ ಅನ್ನುವ ಮೈತ್ರಿಯ ಧ್ಯಾನ ತನ್ನಿಂದ ಶುರುವಾಗುತ್ತದೆ. ಕರುಣೆಯದು ಹಾಗಲ್ಲ, ಕಣ್ಣಿಗೆ ಬಿದ್ದ ಒಬ್ಬ ಕಷ್ಟದವರಿಂದ ಶುರು. ಆಮೇಲೆ ಬೇಕಾದವರು, ಪರಿಚಯ ಅಷ್ಟಕ್ಕಷ್ಟೇ ಇರುವವರು, ಕೊನೆಗೆ ಕಂಡರಾಗದವರು. ನಾನು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಮಾಡಿ ನೋಡಿದ್ದೇನೆ. ಕಂಬ ಹಿಡಿದು ತೂಕಡಿಸುತ್ತ ನಿಂತ ಹೆಂಗಸನ್ನು ನೋಡಿ ಮನಸ್ಸಿನಲ್ಲೇ ‘ಇವರ ದಣಿವು ತೀರಲಿ’ ಅಂದುಕೊಂಡೆ. ಎರಡು ಸ್ಟಾಪ್ ಆದಮೇಲೆ ಹೊಳೆಯಿತು, ಸೀಟಿನಲ್ಲಿ ಕೂತಿರುವವನು ನಾನೇ!

ಕರುಣೆಗೆ ಇಬ್ಬರು ವೈರಿಗಳು ಅನ್ನುತ್ತಾನೆ ಬುದ್ಧಘೋಷ. ದೂರದ ವೈರಿ ಕ್ರೌರ್ಯ, ಅದನ್ನು ಯಾರಾದರೂ ಗುರುತಿಸುತ್ತಾರೆ. ಹತ್ತಿರದ ವೈರಿ ಶೋಕ. ಕರುಣೆಯ ಹಾಗೇ ಕಾಣುತ್ತದೆ, ಆದರೆ ನಮ್ಮನ್ನು ಕೂತಲ್ಲೇ ಕೂರಿಸಿಬಿಡುತ್ತದೆ.

ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿ ಒಂದು ಕಥೆಯಿದೆ. ಒಬ್ಬ ಭಿಕ್ಷು ಭೇದಿಯಾಗಿ ತನ್ನ ಹೊಲಸಿನಲ್ಲೇ ಬಿದ್ದಿದ್ದ. ಇವನಿಂದ ನಮಗೇನೂ ಉಪಯೋಗವಿಲ್ಲ ಅಂತ ಉಳಿದವರು ಅತ್ತ ಸುಳಿದಿರಲಿಲ್ಲ. ಬುದ್ಧ ನೀರು ಹಾಕಿದ, ಶಿಷ್ಯ ಆನಂದ ಮೈ ತೊಳೆದ. ಬುದ್ಧ ತಲೆ ಕಡೆ, ಆನಂದ ಕಾಲ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ‘ನಿಮಗೆ ಇಲ್ಲಿ ತಾಯಿಯಿಲ್ಲ, ತಂದೆಯಿಲ್ಲ. ನೀವೇ ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ಯಾರು ನೋಡುತ್ತಾರೆ’ ಅಂತ ಬುದ್ಧ ಉಳಿದವರಿಗೆ ಕೇಳಿದ.

ಈ ಕಥೆ ಓದುವ ಮೊದಲೇ ನಾನು ಅದನ್ನು ನೋಡಿದ್ದೆ. ಅಪ್ಪನನ್ನು ಹುಬ್ಬಳ್ಳಿಯ ಒಂದು ದವಾಖಾನೆಗೆ ಸೇರಿಸಿದ್ದೆವು. ಪಕ್ಕದ ಕಾಟಿನಲ್ಲಿ ಹಾವೇರಿ ಕಡೆಯ ಮುದುಕರೊಬ್ಬರು, ಜೊತೆಗೆ ಬಡಕಲು ಹೆಂಡತಿ. ರಾತ್ರಿ ಮುದುಕರಿಗೆ ಹಾಸಿಗೆಯಲ್ಲೇ ಆಗಿಬಿಟ್ಟಿತು. ಹೆಂಡತಿ ದಿಕ್ಕು ತೋಚದೆ ನಿಂತುಬಿಟ್ಟರು. ನಾನು ಕಣ್ಣೀರು ಹಾಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದೆ. ಆಚೆ ಕಾಟಿನ ಕಡೆಯ ಹೆಂಗಸೊಬ್ಬರು ಬಕೆಟ್ಟಿನಲ್ಲಿ ನೀರು ತಂದಿಟ್ಟು, ಸೆರಗು ಸಿಕ್ಕಿಸಿಕೊಂಡು ನನ್ನ ಕಡೆ ತಿರುಗಿದರು.

“ಏನ್ ನೋಡ್ಕೊಂತ ಕುಂತೀರಿ ಅಣ್ಣಾರ? ತಲಿ ಕಡೆ ಹಿಡೀರಿ. ನಾ ಕಾಲ್ ಕಡೆ ಹಿಡಿತೀನಿ.”

ಹಿಡಿದೆ. ಮೈ ಒರೆಸಿ, ಹಾಸಿಗೆ ಬದಲಿಸಿ ಮಲಗಿಸುವ ಹೊತ್ತಿಗೆ ಅರ್ಧ ತಾಸಾಯಿತು. ಅವರು ನಲ್ಲಿಯ ಕೆಳಗೆ ಮೊಳಕೈತನಕ ಸೋಪು ಹಚ್ಚಿ ಕೈ ತೊಳೆದುಕೊಳ್ಳುತ್ತ, “ನಿಮ್ಮ ಅಪ್ಪಾರಿಗೆ ಗಂಜಿ ಕುಡಿಸೀರೇನು?” ಅಂತ ಕೇಳಿದರು. ನನಗೆ ಮರೆತೇ ಹೋಗಿತ್ತು.