ಹೊಲಕ್ಕೆ ಬಂದ ಕಾಡುಹಂದಿಯನ್ನು ಹೊಡೆಯಬಹುದಾ?

ಪ್ರಶ್ನೆ: ಖಾನಾಪುರ ತಾಲೂಕಿನ್ಯಾಗ ಅಡವಿಗೆ ಹತ್ತಿಕೊಂಡ ನಮ್ಮ ಹೊಲ ಐತ್ರಿ. ಎರಡು ಎಕರೆ ಗೋವಿನಜೋಳ, ಬಾಜೂಕ ಒಂದು ಎಕರೆ ಕಬ್ಬು. ತೆನಿ ಹಾಲು ತುಂಬೂ ಹೊತ್ತಿಗೆ ವರ್ಷಾ ಕಾಡುಹಂದಿ ಬಂದು ಬೆಳಿ ಮಲಗಸ್ತಾವ. ಬೆಳಿ ಕಾಯಾಕಂತ ಅಜ್ಜ ಲೈಸೆನ್ಸ್ ತಗೊಂಡಿದ್ದ ಬಂದೂಕು ಮನ್ಯಾಗ ಐತಿ. ಹೊಲಕ್ಕ ಬಂದ ಹಂದೀನ ಹೊಡೀಬಹುದಾ? ಶಿಕಾರಿಗೆ ಹಂಗಾಮು ಅಂತ ಏನರ ಇರತೈತೇನ್ರಿ?

ಉತ್ತರ: ಹೊಡೆಯಬೇಡಿ. ಹೊಲ ನಿಮ್ಮದೇ, ಬೆಳೆ ನಿಮ್ಮದೇ, ಬಂದೂಕಿಗೆ ಲೈಸೆನ್ಸ್ ಇದೆ ಎಂದರೂ ಅರಣ್ಯ ಇಲಾಖೆಯ ಲಿಖಿತ ಪರವಾನಗಿ ಇಲ್ಲದೆ ಕಾಡುಹಂದಿ ಹೊಡೆದರೆ ಅದು ಅಪರಾಧ. ಹಂಗಾಮಿನ ಮಾತಂತೂ ಈಗ ಇಲ್ಲವೇ ಇಲ್ಲ. ಬೆಳಗಾವಿ ಮತ್ತು ಆಗಿನ ವಿಜಾಪುರ ಜಿಲ್ಲೆ (ಬಾಗಲಕೋಟೆಯೂ ಅದರೊಳಗೇ ಇತ್ತು) 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು. ಆ ರಾಜ್ಯದ 1951ರ ಕಾಯ್ದೆಯಲ್ಲಿ ಶಿಕಾರಿಗೆ ಪರವಾನಗಿಯೂ ಇತ್ತು, ಹೊಡೆಯಬಾರದ ತಿಂಗಳುಗಳೂ ಇದ್ದವು. ಊರ ಹಿರಿಯರು ಇವತ್ತಿಗೂ ಹೇಳುವ ‘ಶಿಕಾರಿ ಹಂಗಾಮು’ ಆ ಕಾಲದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು, 1991ರಲ್ಲಿ ಅದಕ್ಕೆ ತಿದ್ದುಪಡಿಯಾದ ಮೇಲೆ ಅದು ಪೂರ್ತಿ ಮುಗಿಯಿತು.

ಈ ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ಉರುಲು ಹಾಕುವುದು, ವಿಷ ಇಡುವುದು, ಬೆನ್ನಟ್ಟಿ ಅಟ್ಟಿಕೊಂಡು ಹೋಗುವುದು, ಮೇವು ತೋರಿಸಿ ಕರೆಯುವುದು, ಗಾಯ ಮಾಡುವುದು, ಇವೆಲ್ಲಕ್ಕೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಕಾಡುಹಂದಿ ಮೂರನೇ ಪರಿಚ್ಛೇದದಿಂದ (ಯಾವ ಪ್ರಾಣಿಗೆ ಎಷ್ಟು ರಕ್ಷಣೆ ಎಂದು ಹೇಳುವ ಕಾಯ್ದೆಯ ಪಟ್ಟಿ) ಎರಡನೆಯದಕ್ಕೆ ಬಂತು. ಕಲಂ 11ರ ಪ್ರಕಾರ ನಿಂತ ಬೆಳೆಗೆ ಹಾನಿ ಮಾಡುತ್ತಿರುವ ಎರಡನೇ ಪರಿಚ್ಛೇದದ ಪ್ರಾಣಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಅನುಮತಿ ಕೊಡಬಹುದು. ಕೇರಳದಲ್ಲಿ 2022ರಿಂದ ಇದೇ ಅಧಿಕಾರವನ್ನು ಪಂಚಾಯತಿ ಅಧ್ಯಕ್ಷರಿಗೆ ಕೊಟ್ಟಿದ್ದಾರೆ. ಆ ಸುದ್ದಿಯ ವಿಡಿಯೊ ನೋಡಿ ನಮ್ಮಲ್ಲೂ ಹೊಡೆಯಬಹುದು ಎಂದುಕೊಳ್ಳುವವರಿದ್ದಾರೆ. ಅದು ಇಲ್ಲಿ ನಡೆಯುವುದಿಲ್ಲ. ನವಿಲು, ಕೃಷ್ಣಮೃಗ, ಚಿಂಕಾರ ಮೊದಲನೇ ಪರಿಚ್ಛೇದದಲ್ಲಿವೆ. ಅವು ಬೆಳೆ ತಿಂದವು ಎಂಬ ಕಾರಣಕ್ಕೆ ಪರವಾನಗಿ ಕೊಡಲು ಕಾಯ್ದೆಯಲ್ಲಿ ದಾರಿಯೇ ಇಲ್ಲ.

ಅಜ್ಜನ ಬಂದೂಕಿನ ವಿಷಯ ಬೇರೆಯೇ ಇದೆ. ಲೈಸೆನ್ಸ್ ವ್ಯಕ್ತಿಯ ಹೆಸರಿನದು, ಬಂದೂಕಿನ ಜೊತೆ ಮೊಮ್ಮಗನಿಗೆ ಬರುವುದಿಲ್ಲ. ಅಜ್ಜ ತೀರಿಕೊಂಡಿದ್ದರೆ ಅದನ್ನು ಪೊಲೀಸ್ ಠಾಣೆಯಲ್ಲಿ ಜಮಾ ಮಾಡಿ, ವಾರಸುದಾರರಾಗಿ ಲೈಸೆನ್ಸ್ ಕೊಡುವ ಅಧಿಕಾರಿಗೆ ಹೊಸದಾಗಿ ಅರ್ಜಿ ಕೊಡಬೇಕು. ಅಲ್ಲಿಯವರೆಗೆ ಅದು ಮನೆಯಲ್ಲಿರುವುದೇ ಶಸ್ತ್ರಾಸ್ತ್ರ ಕಾಯ್ದೆಯ ಉಲ್ಲಂಘನೆ. ಇದನ್ನು ನಾಳೆಗೆ ಬಿಡಬೇಡಿ.

ಶಿಕಾರಿ ಬಲ್ಲವರು ಏಕೆ ಬೇಡ ಎನ್ನುತ್ತಾರೆ

ಕಾನೂನು ಬದಿಗಿಟ್ಟು ನೋಡಿದರೂ ಹಂದಿಯ ಸ್ವಭಾವ ಬಲ್ಲ ಹಳಬರು ರಾತ್ರಿ ಹೊಲದಲ್ಲಿ ಬಂದೂಕು ಹಿಡಿಯಲು ಒಪ್ಪುವುದಿಲ್ಲ. ಬಲಿತ ಗಂಡಿನ ಭುಜದ ಮೇಲೆ ಚರ್ಮದಡಿ ಗಟ್ಟಿ ನಾರಿನ ಪದರ ಇರುತ್ತದೆ, ಗಂಡು ಗಂಡು ಕಾದಾಡುವಾಗ ಕೋರೆಹಲ್ಲಿನ ಏಟು ತಡೆಯಲು. ಹಳೆಯ ಬಂದೂಕಿನ ಛರ್ರೆ (ಸಣ್ಣ ಗುಂಡುಗಳು) ಅಲ್ಲಿಗೇ ನಿಲ್ಲುತ್ತದೆ. ಹಂದಿ ಸಾಯುವುದಿಲ್ಲ, ಗಾಯಗೊಂಡು ಕಬ್ಬಿನೊಳಗೆ ಹೋಗಿ ಮಲಗುತ್ತದೆ. ಬೆಳಗ್ಗೆ ಅದನ್ನು ಮೊದಲು ಕಾಣುವವರು ನೀರು ಹಾಯಿಸಲು ಹೋದ ನಿಮ್ಮ ಮನೆಯವರು, ಇಲ್ಲವೆ ಕಟಾವಿನ ಗ್ಯಾಂಗಿನ ಹೆಣ್ಣುಮಕ್ಕಳು. ಗಾಯಗೊಂಡ ಹಂದಿ ಎದುರಿಗೆ ಬಂದು ತೊಡೆ ಸೀಳುತ್ತದೆ.

ಇನ್ನು ಸಂಖ್ಯೆಯ ಲೆಕ್ಕ. ಹೊಲಕ್ಕೆ ಬರುವ ಹಿಂಡು ಹೆಣ್ಣು ಮತ್ತು ಮರಿಗಳದು, ದಾರಿ ತೋರಿಸುವುದು ಹಳೆಯ ಹೆಣ್ಣು. ಜನ ಗುರಿ ಇಡುವುದು ಒಂಟಿಯಾಗಿ ತಿರುಗುವ ದೊಡ್ಡ ಗಂಡಿಗೆ. ಹೆಣ್ಣು ಒಂದು ವರ್ಷ ತುಂಬುವ ಹೊತ್ತಿಗೇ ಬೆದೆಗೆ ಬರಬಲ್ಲದು, ಗರ್ಭ ಸುಮಾರು 115 ದಿನ, ಸೂಲಿಗೆ ನಾಲ್ಕರಿಂದ ಆರು ಮರಿ ಸಾಮಾನ್ಯ. ಒಂದೆರಡು ಗಂಡು ಹೊಡೆದರೆ ಮುಂದಿನ ವರ್ಷ ಬರುವ ಹಿಂಡು ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಉರುಲು ಇದಕ್ಕಿಂತ ಕೆಟ್ಟದ್ದು. ಬೈಕಿನ ಕ್ಲಚ್ ತಂತಿಯ ಉರುಲಿಗೆ ಹಂದಿ ಯಾವುದು, ಚಿರತೆ ಯಾವುದು ಎಂದು ಗೊತ್ತಾಗುವುದಿಲ್ಲ. ನಿಮ್ಮ ತಾಲೂಕಿನ ಭೀಮಗಡ ವನ್ಯಜೀವಿಧಾಮದ ಸುತ್ತಲಿನ ಅಡವಿಯಲ್ಲಿ ಚಿರತೆ, ಕರಡಿ, ಕಾಡುನಾಯಿ ಇವೆ. ಹಂದಿಮರಿಗಳನ್ನು ತಿಂದು ಸಂಖ್ಯೆ ಹಿಡಿತದಲ್ಲಿಡುವುದೇ ಚಿರತೆ ಮತ್ತು ಕಾಡುನಾಯಿ. ಉರುಲಿಗೆ ಚಿರತೆ ಬಿತ್ತೆಂದರೆ ಹಂದಿಗೆ ಒಳ್ಳೆಯದಾಯಿತು, ನಿಮ್ಮ ಮೇಲೆ ಮೊದಲನೇ ಪರಿಚ್ಛೇದದ ಕೇಸಾಯಿತು. ಅದಕ್ಕೆ ಕನಿಷ್ಠ ಶಿಕ್ಷೆಯೇ 3 ವರ್ಷ, 7 ವರ್ಷದವರೆಗೂ ಆಗಬಹುದು. ಹಂದಿ ಕಚ್ಚಲೆಂದು ಇಡುವ ಸಿಡಿಮದ್ದಿನ ಉಂಡೆ ಎಮ್ಮೆಯ ಬಾಯಲ್ಲೂ ಸಿಡಿಯುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗರ್ಭಿಣಿ ಆನೆ ಸತ್ತಿದ್ದು ಬಾಯಲ್ಲಿ ಸಿಡಿದ ಇಂಥ ಮದ್ದಿನಿಂದಲೇ.

ಮುಧೋಳ ನಾಯಿ ಬಿಡಿ ಎನ್ನುವ ಸಲಹೆಯೂ ಬರುತ್ತದೆ. ಬಾಗಲಕೋಟೆಯ ಬಯಲು ನೆಲದಲ್ಲಿ ಕಣ್ಣಿಗೆ ಬಿದ್ದ ಮೊಲವನ್ನು ಓಡಿ ಹಿಡಿಯಲೆಂದೇ ಬೆಳೆಸಿದ ತಳಿ ಅದು. ಉದ್ದ ಕಾಲು, ತೆಳು ಚರ್ಮ, ಮೂಗಿಗಿಂತ ಕಣ್ಣು ಚುರುಕು. ಕತ್ತಲಲ್ಲಿ ಕಬ್ಬಿನ ಸಾಲಿನೊಳಗೆ ಹಂದಿಯ ಎದುರು ಬಿಟ್ಟರೆ ನಾಯಿಯ ಹೊಟ್ಟೆ ಹರಿಯುತ್ತದೆ. ನಾಯಿ ಬಿಟ್ಟು ಬೆನ್ನಟ್ಟಿಸುವುದು ಕಾಯ್ದೆಯ ಕಣ್ಣಲ್ಲಿ ಬೇಟೆಯೂ ಹೌದು. ಕಾವಲು ಗುಡಿಸಲ ಹತ್ತಿರ ಕಟ್ಟಿ, ಬೊಗಳಿ ಎಚ್ಚರಿಸಲಿ. ಅಷ್ಟು ಸಾಕು.

ಮೊದಲು ಗುರುತು ಓದಿ

ಶಿಕಾರಿಯವರ ವಿದ್ಯೆಯಲ್ಲಿ ರೈತನಿಗೆ ನಿಜವಾಗಿ ಬೇಕಾದದ್ದು ಇದೊಂದೇ: ಬಂದದ್ದು ಯಾವ ಪ್ರಾಣಿ, ಎಲ್ಲಿಂದ ಬಂತು, ಯಾವಾಗ ಬಂತು. ಹಂದಿಯ ಹೆಜ್ಜೆಯಲ್ಲಿ ಮುಂದಿನ ಎರಡು ಗೊರಸಿನ ಹಿಂದೆ, ಅವುಗಳಿಗಿಂತ ಅಗಲಕ್ಕೆ, ಎರಡು ಸಣ್ಣ ಚುಕ್ಕೆ ಮೂಡುತ್ತವೆ. ಜಿಂಕೆ, ಕಡವೆಯ ಹೆಜ್ಜೆಯಲ್ಲಿ ಈ ಚುಕ್ಕೆ ಕೆಸರಲ್ಲಿ ಕಾಲು ಹೂತಾಗ ಮಾತ್ರ ಕಾಣುತ್ತದೆ. ಹಂದಿ ಗೋವಿನಜೋಳದ ದಂಟನ್ನೇ ಕೆಡವಿ ತೆನೆ ತಿನ್ನುತ್ತದೆ, ಕಬ್ಬನ್ನು ಅಗಿದು ಸಿಪ್ಪೆಯ ಉಂಡೆ ಉಗುಳಿರುತ್ತದೆ. ನರಿ ದಂಟು ಮಲಗಿಸದೆ ಕೆಳಗಿನ ತೆನೆ ಕಡಿಯುತ್ತದೆ. ಬುಡವನ್ನು ಉಳಿಯಿಂದ ಕೊರೆದಂತೆ ಕಡಿದಿದ್ದು, ಹತ್ತಿರ ಮುಳ್ಳು ಬಿದ್ದಿದ್ದರೆ ಅದು ಮುಳ್ಳುಹಂದಿ. ಊರ ಕಡೆಯ ಬದುವಿನಿಂದ ಹೆಜ್ಜೆ ಬಂದಿದ್ದರೆ ಊರ ಹಂದಿಯೂ ಇರಬಹುದು, ಅದಕ್ಕೆ ಪಂಚಾಯತಿಗೆ ಹೋಗಬೇಕು.

ಒಂದು ಸಂಜೆ ಅಡವಿಯ ಕಡೆಯ ಬದುವಿನ ಗುಂಟ ಎರಡು ಅಡಿ ಅಗಲಕ್ಕೆ ಮಣ್ಣು ಸಡಿಲಿಸಿ ಹಲಗೆಯಿಂದ ಸಮ ಮಾಡಿ. ಬೆಳಗ್ಗೆ ಬಿಸಿಲೇರುವ ಮೊದಲು ನೋಡಿದರೆ ಎಷ್ಟು ಹೆಜ್ಜೆ, ಎಲ್ಲಿ ಒಳಗೆ ಬಂದವು, ಎಲ್ಲಿ ಹೊರಗೆ ಹೋದವು ಎಂಬುದೆಲ್ಲ ತಿಳಿಯುತ್ತದೆ. ಹಂದಿ ದಾರಿ ಬದಲಿಸುವುದು ಕಡಿಮೆ. ಹಳ್ಳ, ಲಂಟಾನ ಪೊದೆಯ ಮರೆ, ಬದು ಒಡೆದ ಜಾಗದಲ್ಲೇ ಬರುತ್ತದೆ. ಅಲ್ಲಿ ಹೊಲಕ್ಕೂ ಪೊದೆಗೂ ನಡುವೆ ನಿಮ್ಮ ಜಾಗದಲ್ಲಿ ಹತ್ತು ಹದಿನೈದು ಅಡಿ ಬಯಲು ಮಾಡಿದರೆ ಅರ್ಧ ಧೈರ್ಯ ಕಳೆದುಕೊಳ್ಳುತ್ತದೆ.

ಝಟ್ಕಾ ತಂತಿ: ಹಾಕುವ ರೀತಿ

ಹಳೆ ಸೀರೆ, ಬೆದರುಗೊಂಬೆ, ಮೊಬೈಲಿನಲ್ಲಿ ಹುಲಿಯ ಕೂಗು, ಕೂದಲು, ಮೊಟ್ಟೆಯ ವಾಸನೆ ಎಲ್ಲವೂ ಕೆಲವು ದಿನ ಕೆಲಸ ಮಾಡುತ್ತವೆ. ಆಮೇಲೆ ಹಂದಿ ಹೊಂದಿಕೊಳ್ಳುತ್ತದೆ. ಫೋರೇಟ್ ಎಂಬ ಕೀಟನಾಶಕದ ಕಾಳಿನ ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿ. 2020ರ ಡಿಸೆಂಬರ್ 31ರಿಂದ ಅದು ದೇಶದಲ್ಲೇ ನಿಷೇಧ, ಕಟ್ಟುವವರ ಜೀವಕ್ಕೂ ಕೇಡು. ಹಿಂಗಾರಿ ಬೆಳೆಗೆ ಮಾತ್ರ ನಮ್ಮ ಕಡೆಯ ಹಳೆಯ ಉಪಾಯ ಒಂದಿದೆ: ಬಿಳಿಜೋಳದ ಸುತ್ತ ದನ ಬರದಂತೆ ಹಾಕುವ ಕುಸುಬಿಯ ಸಾಲು. ಶೇಂಗಾದ ಸುತ್ತ ನಾಲ್ಕು ಸಾಲು ಒತ್ತಾಗಿ ಹಾಕಿದರೆ ಹಂದಿಯ ಮೂತಿಗೂ ಮುಳ್ಳು ತಾಗುತ್ತದೆ. ಖಾನಾಪುರದ ಮಳೆಯಲ್ಲಿ ಮುಂಗಾರಿಗೆ ಕುಸುಬಿ ನಿಲ್ಲುವುದಿಲ್ಲ.

ನಿಮ್ಮ ಗೋವಿನಜೋಳಕ್ಕೆ ಬೇಕಾದದ್ದು ಸೋಲಾರ್ ಝಟ್ಕಾ ಮಷೀನ್. ಅದು 12 ವೋಲ್ಟ್ ಬ್ಯಾಟರಿಯಿಂದ ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಹೊಡೆತ ಕೊಡುತ್ತದೆ. ವೋಲ್ಟೇಜ್ ಸಾವಿರಗಟ್ಟಲೆ ಇದ್ದರೂ ಅವಧಿ ಅತಿ ಚಿಕ್ಕದಾದ್ದರಿಂದ ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಪಂಪ್‌ಸೆಟ್ಟಿನ ಲೈನನ್ನು ನೇರವಾಗಿ ತಂತಿಗೆ ಕೊಡುವುದಂತೂ ಕೊಲೆಗೆ ಸಮ. ಅಂಥ ತಂತಿಗೆ ಸತ್ತವರಲ್ಲಿ ಅದನ್ನು ಕಟ್ಟಿದ ರೈತನೂ ಅವನ ಮಕ್ಕಳೂ ಸೇರಿರುತ್ತಾರೆ.

ಎರಡು ಎಕರೆ ಚೌಕ ಹೊಲದ ಸುತ್ತಳತೆ ಸುಮಾರು 360 ಮೀಟರ್. ಮೂರು ಎಳೆಗೆ 1,080 ಮೀಟರ್ ಜಿಐ (ಸತುವು ಲೇಪಿಸಿದ ಕಬ್ಬಿಣದ) ತಂತಿ ಬೇಕು. 2.5 ಮಿ.ಮೀ. ದಪ್ಪದ್ದಾದರೆ ಅಂದಾಜು 42 ಕೆಜಿ, 2 ಮಿ.ಮೀ. ಆದರೆ 27 ಕೆಜಿ. ನಾಲ್ಕು ಮೀಟರಿಗೊಂದರಂತೆ 90 ಗೂಟ, ಮೂಲೆಗೆ ದಪ್ಪನೆಯವು, ಒಳಗಿನಿಂದ ಆನಿಕೆ ಕೊಟ್ಟು. ತಂತಿಯ ಎತ್ತರ ನೆಲದಿಂದ 20, 40, 65 ಸೆಂ.ಮೀ. ಇಡೀ ಬೇಲಿಯ ಜೀವ ಕೆಳಗಿನ ಎಳೆಯಲ್ಲಿದೆ. ಹಂದಿ ಮೂತಿಯಿಂದ ಮೂಸುತ್ತಾ ಬರುತ್ತದೆ, ಒದ್ದೆ ಮೂಗಿಗೆ ತಾಗಿದರೆ ಹೊಡೆತ ಪೂರ್ತಿ ಸಿಗುತ್ತದೆ. ಆ ಎಳೆ 30 ಸೆಂ.ಮೀ.ಗೆ ಏರಿದರೆ ಮೂತಿ ಕೆಳಗೆ ತೂರಿ ಬೆನ್ನಿನ ಬಿರುಗೂದಲು ತಂತಿಗೆ ತಾಗುತ್ತದೆ. ಕೂದಲು ಹೊಡೆತ ತಡೆಯುತ್ತದೆ, ಹಂದಿ ಹಿಂದೆ ಸರಿಯುವ ಬದಲು ಮುಂದಕ್ಕೇ ನುಗ್ಗುತ್ತದೆ. ಹಳ್ಳ, ಕಾಲುವೆ ದಾಟುವಲ್ಲಿ ಈ ಅಂತರ ತಾನಾಗಿ ಹೆಚ್ಚುತ್ತದೆ. ಅಲ್ಲಿ ಹೆಚ್ಚುವರಿ ಗೂಟ ನೆಟ್ಟು ತಂತಿ ತಗ್ಗಿಸಿ.

ಮಷೀನ್ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತೊಯ್ಯುವ ಮೊದಲು ಅರ್ತಿಂಗ್ (ಮಷೀನನ್ನು ನೆಲಕ್ಕೆ ಜೋಡಿಸುವ ತಂತಿ, ಸಲಾಕೆ) ನೋಡಿ, ಹೆಚ್ಚಿನ ಸಲ ದೋಷ ಅಲ್ಲೇ ಇರುತ್ತದೆ. ಒಂದು ಮೀಟರಿಗಿಂತ ಉದ್ದದ ಮೂರು ಜಿಐ ಸಲಾಕೆಗಳನ್ನು ಮೂರು ಮೂರು ಮೀಟರ್ ಅಂತರದಲ್ಲಿ ಪೂರ್ತಿ ಇಳಿಸಿ ಒಂದೇ ತಂತಿಯಿಂದ ಜೋಡಿಸಿ. ಪಂಪ್‌ಸೆಟ್ಟಿನ ಅರ್ತಿಂಗಿನಿಂದ ಹತ್ತು ಮೀಟರಾದರೂ ದೂರ ಇರಲಿ. ಬೇಸಿಗೆಯಲ್ಲಿ ಖಾನಾಪುರದ ಕೆಂಪು ಜಂಬಿಟ್ಟಿಗೆ ನೆಲ ಒಣಗುತ್ತದೆ, ಬಾಗಲಕೋಟೆ, ವಿಜಯಪುರದ ಎರೆ ನೆಲ ಬಿರುಕು ಬಿಟ್ಟು ಸಲಾಕೆಯಿಂದ ಬೇರ್ಪಡುತ್ತದೆ. ಆಗ ಸಲಾಕೆಯ ಬುಡಕ್ಕೆ ಎರಡು ದಿನಕ್ಕೊಮ್ಮೆ ಒಂದೊಂದು ಕೊಡ ನೀರು ಹಾಕಿ. ಮಳೆಗಾಲದ ತೊಂದರೆ ಇದಕ್ಕೆ ಉಲ್ಟಾ: ಹುಲ್ಲು ಬೆಳೆದು ಕೆಳಗಿನ ಎಳೆಗೆ ತಾಗಿ ಹೊಡೆತವೆಲ್ಲ ನೆಲಕ್ಕೆ ಹರಿದುಹೋಗುತ್ತದೆ. ಬೇಲಿಯ ಎರಡೂ ಬದಿ ಒಂದೊಂದು ಅಡಿ ಸವರಿಯೇ ಇಡಬೇಕು. ಇನ್ಸುಲೇಟರ್ ಬದಲು ಸೈಕಲ್ ಟ್ಯೂಬ್ ಸುತ್ತಿದರೆ ನೆನೆದಾಗ ಸೋರುತ್ತದೆ. ದಿನಾ ಸಂಜೆ ಟೆಸ್ಟರಿನಿಂದ ಮಷೀನಿನಿಂದ ದೂರದ ತುದಿಯಲ್ಲಿ ಅಳೆಯಿರಿ. 4,000 ವೋಲ್ಟಿಗಿಂತ ಮೇಲಿದ್ದರೆ ನಿಶ್ಚಿಂತೆ, 3,000ಕ್ಕಿಂತ ಕೆಳಗಿಳಿದರೆ ಹಂದಿ ಲೆಕ್ಕಿಸುವುದಿಲ್ಲ. ದಾರಿಯ ಕಡೆ ಎಚ್ಚರಿಕೆಯ ಫಲಕ ಕಟ್ಟುವುದನ್ನು ಮರೆಯಬೇಡಿ.

ತೆನೆಗೆ ಹಾಲು ಬರುವ ಹದಿನೈದು ದಿನ ಮೊದಲೇ ಬೇಲಿ ಚಾಲೂ ಆಗಿರಬೇಕು. ಒಮ್ಮೆ ರುಚಿ ಕಂಡ ಹಿಂಡು ಹೊಡೆತ ತಿಂದಾದರೂ ಒಳಗೆ ಬರಲು ನೋಡುತ್ತದೆ. ಬ್ಯಾಟರಿ ಉಳಿಸಲು ನಡುನಡುವೆ ಆಫ್ ಮಾಡುವುದೂ ತಪ್ಪು, ಸತ್ತ ತಂತಿಯನ್ನು ದಾಟಿ ಕಲಿತ ಹಂದಿ ಅದನ್ನು ಮರೆಯುವುದಿಲ್ಲ.

ಕಬ್ಬಿನ ಕಟಾವಿನ ದಿನ

ಮಳೆಗಾಲದಿಂದ ಹಂದಿಗೆ ಕಬ್ಬೇ ಮನೆ. ನೆರಳು, ಕೆಸರು, ನೀರು ಮೂರೂ ಅಲ್ಲೇ ಇವೆ. ಕಾರ್ಖಾನೆಗಳು ಚಾಲೂ ಆಗಿ ಕಟಾವು ಶುರುವಾದ ಮೇಲೆ ಅವು ಅಕ್ಕಪಕ್ಕದ ಹೊಲಗಳಿಗೆ ಚದುರುತ್ತವೆ. ಗ್ಯಾಂಗಿನವರು ನಾಲ್ಕೂ ಕಡೆಯಿಂದ ಕಡಿಯುತ್ತಾ ನಡುವೆ ಒಂದು ಪಟ್ಟಿ ಉಳಿಸಿದರೆ, ಅದರೊಳಗೆ ಸಿಕ್ಕಿಬಿದ್ದ ಹಿಂಡು ಜನರ ಮೇಲೇ ಹಾಯುತ್ತದೆ. ಊರ ಕಡೆಯಿಂದ ಶುರುಮಾಡಿ ಅಡವಿಯ ಕಡೆ ಕಡಿಯುತ್ತಾ ಹೋಗಲು ಗ್ಯಾಂಗಿನ ಮುಖ್ಯಸ್ಥ ಮುಕಾದಮನಿಗೆ ಮೊದಲೇ ಹೇಳಿ. ಅಡವಿಯ ಕಡೆ ಟ್ರ್ಯಾಕ್ಟರ್, ನಾಯಿ, ಮಕ್ಕಳು ಯಾರೂ ಇರಬಾರದು. ಕೊನೆಯ ಏಳೆಂಟು ಸಾಲನ್ನು ಮರುದಿನಕ್ಕೆ ಬಿಟ್ಟರೆ ರಾತ್ರಿ ತಾವಾಗಿಯೇ ಹೋಗುತ್ತವೆ. ರವದಿಗೆ (ಕಬ್ಬಿನ ಒಣ ಗರಿ) ಸುತ್ತಲಿಂದ ಬೆಂಕಿ ಹಚ್ಚುವುದು ಬೇಡ. ಚಿರತೆ ಮರಿ ಕಂಡರೆ ಮುಟ್ಟದೆ ಕೆಲಸ ನಿಲ್ಲಿಸಿ ಅರಣ್ಯ ಇಲಾಖೆಗೆ ತಿಳಿಸಿ, ತಾಯಿ ರಾತ್ರಿ ಬಂದು ಒಯ್ಯುತ್ತದೆ.

ಅರ್ಜಿ, ಪರಿಹಾರ

ಹಾನಿಯಾದ ಬೆಳಗ್ಗೆಯೇ ಫೋಟೊ ತೆಗೆಯಿರಿ: ಹೆಜ್ಜೆಯ ಪಕ್ಕದಲ್ಲಿ ಅಳತೆಗೆ ಬೆಂಕಿಪೊಟ್ಟಣ ಇಟ್ಟು ಒಂದು, ಮಲಗಿದ ಬೆಳೆಯದು ಒಂದು, ಹೊಲದ ಗುರುತು ಸಿಗುವಂತೆ ಮರವೋ ಬಾವಿಯೋ ಕಾಣುವ ಒಂದು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ನಕಲು ಹಚ್ಚಿ ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಿಬ್ಬಂದಿ ಬಂದು ಪಂಚನಾಮೆ ಮಾಡುವವರೆಗೆ ಮಲಗಿದ ದಂಟು ಕಿತ್ತು ದನಕ್ಕೆ ಹಾಕಬೇಡಿ. ಇದರಿಂದ ಅರ್ಜಿ ತಿರಸ್ಕಾರವಾಗಬಹುದು. ಹಾವಳಿ ವರ್ಷವೂ ಇದ್ದರೆ ಕಲಂ 11ರ ಅನುಮತಿ ಕೇಳಿ ಬೇರೆ ಅರ್ಜಿ ಬರೆಯಿರಿ. ಅಕ್ಕಪಕ್ಕದ ರೈತರೂ ಸಹಿ ಹಾಕಲಿ, ಸರ್ವೆ ನಂಬರ್ ಮತ್ತು ಹಾನಿಯಾದ ತಾರೀಖುಗಳು ಸಾಲಾಗಿ ಇರಲಿ. ಅನುಮತಿ ಬಂದರೂ ಯಾರು ಹೊಡೆಯಬೇಕು, ಎಷ್ಟು, ಎಲ್ಲಿ ಎಂಬುದು ಆದೇಶದಲ್ಲಿದ್ದಂತೆಯೇ ನಡೆಯಬೇಕು. ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಜೀವ ಉಳಿಸಿಕೊಳ್ಳಲು ಹೊಡೆದ ಪ್ರಸಂಗದಲ್ಲೂ ಅಷ್ಟೇ, ಮಾಂಸ ಹಂಚಿಕೊಂಡರೆ ಅದು ಬೇರೆ ಅಪರಾಧ.

ತೆರೆದ ಬಾವಿಗೆ ಹಂದಿ ಬಿದ್ದರೆ ಹಗ್ಗ ಹಿಡಿದು ಇಳಿಯಬೇಡಿ. ಜನ, ನಾಯಿ ದೂರ ಮಾಡಿ 1926ಕ್ಕೆ ಕರೆ ಮಾಡಿ, ಅದು ಅರಣ್ಯ ಇಲಾಖೆಯ ಸಹಾಯವಾಣಿ. ಅವರು ಬರುವವರೆಗೆ ಅದು ಈಜಿ ದಣಿಯದಂತೆ ಒಂದು ದೊಡ್ಡ ತೊಲೆಯನ್ನು ನೀರಿಗೆ ಬಿಟ್ಟರೆ ಸಾಕು.