ಕೊನೆಗೆ ಎಲ್ಲರಿಗೂ ರಕ್ಷಣೆಯುಂಟೇ?

ಐನ್‌ಮನೆ (ಕುಲದ ಮೂಲಮನೆ), ಕೈಮಡ (ಹಿರಿಯರ ಗುಡಿ), ಕುಲದ ಮೂಲಪುರುಷ ಗುರುಕಾರೋಣನಿಗೆ ಇಡುವ ಎಡೆ: ಕೊಡಗಿನಲ್ಲಿ ಹಿರಿಯರನ್ನು ನೆನೆಯದೆ ಶುಭಕಾರ್ಯ ಶುರುವಾಗುವುದಿಲ್ಲ. ಇಂಥ ನಾಡಿನಲ್ಲಿ ಕ್ರೈಸ್ತರು ಹೇಳುವ ರಕ್ಷಣೆಯ, ಅಂದರೆ ಪಾಪದಿಂದ ಬಿಡುಗಡೆಯಾಗಿ ದೇವರನ್ನು ಸೇರುವ ಮಾತು ಬಂದರೆ ಮೊದಲು ನೆನಪಾಗುವವರು ತೀರಿಹೋದವರೇ. ಯೇಸುವಿನ ಹೆಸರನ್ನೇ ಕೇಳದೆ ಕಣ್ಣುಮುಚ್ಚಿದ ಮುತ್ತಜ್ಜನ ಗತಿಯೇನು? ದೇವರು ಅವನನ್ನು ಎಂದೆಂದಿಗೂ ಹೊರಗೇ ನಿಲ್ಲಿಸುವನೇ?

ಬೈಬಲ್‌ನಲ್ಲೇ ಎರಡು ದನಿಗಳಿವೆ. ಆದಾಮನಲ್ಲಿ ಎಲ್ಲರೂ ಸಾಯುವಂತೆ ಕ್ರಿಸ್ತನಲ್ಲಿ ಎಲ್ಲರೂ ಜೀವ ಪಡೆಯುವರು ಎನ್ನುತ್ತಾನೆ ಯೇಸುವಿನ ಅಪೊಸ್ತಲ ಪೌಲ. ಮತ್ತಾಯನ 25ನೇ ಅಧ್ಯಾಯವೋ ಕೆಲವರು ನಿತ್ಯಶಿಕ್ಷೆಗೆ ಹೋಗುವರು ಎಂದು ಖಚಿತವಾಗಿ ಹೇಳುತ್ತದೆ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ರೈಸ್ತ ಚಿಂತಕ ಒರಿಗೆನ್ ಮೊದಲ ದನಿಯನ್ನು ಕೊನೆಯವರೆಗೂ ಹಿಂಬಾಲಿಸಿದ. ದೇವರ ಶಿಕ್ಷೆ ಗುಣಪಡಿಸುವ ಚಿಕಿತ್ಸೆ, ಬೆಂಕಿ ಶುದ್ಧಿಗಾಗಿ, ಕಡೆಗೆ ಸೃಷ್ಟಿಯೆಲ್ಲ ದೇವರ ಬಳಿಗೆ ಮರಳುತ್ತದೆ ಎಂಬುದು ಅವನ ಆಶಯ. ಮುಂದಿನ ಶತಮಾನದಲ್ಲಿ ನಿಸ್ಸದ ಬಿಷಪ್ ಗ್ರೆಗೊರಿಯೂ ಇದನ್ನೇ ಬರೆದ. ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್ ಒಪ್ಪಲಿಲ್ಲ: ಜೀವ ನಿತ್ಯವಾದರೆ ಶಿಕ್ಷೆಯೂ ನಿತ್ಯವೇ. ಆದರೂ ತನ್ನ ಕಾಲದಲ್ಲಿ ಬಹಳ ಮಂದಿ ಬೇರೆ ರೀತಿ ನಂಬಿದ್ದರೆಂದು ಅವನೇ ಬರೆದಿಟ್ಟಿದ್ದಾನೆ.

543ರಲ್ಲಿ ರೋಮನ್ ಚಕ್ರವರ್ತಿ ಜಸ್ಟಿನಿಯನ್ ಒರಿಗೆನ್‌ನ ಬೋಧನೆಯನ್ನು ಖಂಡಿಸಿ ಶಾಸನ ಹೊರಡಿಸಿದ. ಬಿಷಪ್ಪರು ಸೇರಿದ 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಒರಿಗೆನ್‌ನ ಹೆಸರನ್ನು ಪಾಷಂಡಿಗಳ, ಅಂದರೆ ತಪ್ಪು ಬೋಧಕರ, ಪಟ್ಟಿಗೆ ಸೇರಿಸಿತು. ಗ್ರೆಗೊರಿ ಮಾತ್ರ ಇಂದಿಗೂ ಸಂತನೇ! ಆ ಆಶೆಯನ್ನು ಕ್ರೈಸ್ತ ಸಭೆ (ಚರ್ಚು) ಪೂರ್ತಿ ಅಳಿಸಿಹಾಕಲಿಲ್ಲ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಕಾಣದು.

ಹಾಗಿದ್ದರೂ ಗಟ್ಟಿಯಾಗಿ ನಿಂತದ್ದು ಕಠಿಣ ಮಾತೇ. ಸಭೆಯ ಹೊರಗೆ ರಕ್ಷಣೆಯಿಲ್ಲ ಎಂಬ 3ನೇ ಶತಮಾನದ ಬಿಷಪ್ ಸಿಪ್ರಿಯನ್‌ನ ಮಾತನ್ನು 1442ರಲ್ಲಿ ಫ್ಲಾರೆನ್ಸ್ ಮಹಾಸಭೆ ಇನ್ನಷ್ಟು ಬಿಗಿಗೊಳಿಸಿತು. ವಿರಾಜಪೇಟೆಯಲ್ಲಿ 1792ರಲ್ಲಿ ಸಂತ ಅನ್ನಮ್ಮನ ಚರ್ಚು ನೆಲೆಯಾದಾಗ ಕಥೋಲಿಕರ ನಡುವೆ ಇದ್ದದ್ದು ಈ ಬೋಧನೆ. 1850ರ ದಶಕದಲ್ಲಿ ಪ್ರೊಟೆಸ್ಟಂಟರ ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಕೊಡಗಿಗೆ ಬಂದು ಆನಂದಪುರವೆಂಬ ಕ್ರೈಸ್ತರ ಊರನ್ನು ಕಟ್ಟಿದರು. ಅವರ ಹುಟ್ಟೂರಿನ ಸೀಮೆ ಜರ್ಮನಿಯ ವುರ್ಟೆಂಬರ್ಗ್. ಅಲ್ಲಿನ ಸಭೆ ಲೂಥರನ್; ಲೂಥರನ್ನರ 1530ರ ವಿಶ್ವಾಸಪ್ರಕಟಣೆ ಶಿಕ್ಷೆಗೆ ಕೊನೆಯುಂಟೆಂಬ ಮಾತನ್ನು ತಳ್ಳಿಹಾಕಿತ್ತು. ಆದರೆ ಅದೇ ಸೀಮೆಯ ಭಕ್ತವಲಯದಲ್ಲಿ ಮೈಕೆಲ್ ಹಾನ್ (1758–1819) ಎಲ್ಲರ ಮರುಸ್ಥಾಪನೆಯನ್ನು, ಅಂದರೆ ಕಡೆಗೆ ಎಲ್ಲರೂ ದೇವರ ಬಳಿಗೆ ಮರಳುವುದನ್ನು, ಬಹಿರಂಗವಾಗಿ ಬೋಧಿಸಿದ. ಅವನಿಗಿಂತ ಹಿಂದಿನ ಬೈಬಲ್ ವಿದ್ವಾಂಸ ಬೆಂಗೆಲ್ ಈ ಆಶೆಯನ್ನು ಮನಸ್ಸಿನಲ್ಲಿಟ್ಟುಕೊಂಡರೂ ಪ್ರವಚನಪೀಠದಿಂದ ಸಾರುವುದು ಬೇಡವೆಂದ. ಮೊಗ್ಲಿಂಗ್ ಯಾವ ಕಡೆಗಿದ್ದರೆಂದು ಇದರಿಂದ ತೀರ್ಮಾನಿಸಲಾಗದು. ಬೆಂಗೆಲ್‌ನ ಭಯವಂತೂ ಅರ್ಥವಾಗುವಂಥದ್ದೇ: ಹೇಗಿದ್ದರೂ ರಕ್ಷಣೆ ಖಚಿತವೆಂದಾದರೆ ಇಂದು ಮಾಡಿದ ಅನ್ಯಾಯಕ್ಕೆ ಪಶ್ಚಾತ್ತಾಪಪಡುವವರು ಯಾರು?

ಮುತ್ತಜ್ಜನ ಪ್ರಶ್ನೆಗೆ ಕಥೋಲಿಕ ಸಭೆ ಮಹಾಸಭೆಯ ಮಟ್ಟದಲ್ಲಿ ಉತ್ತರಿಸಿದ್ದು 1964ರಲ್ಲಿ. ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದೆ, ಮನಸ್ಸಾಕ್ಷಿಗೆ ಓಗೊಟ್ಟು ದೇವರನ್ನು ಅರಸಿದವರೂ ರಕ್ಷಣೆ ಪಡೆಯಬಲ್ಲರು ಎಂದು ಎರಡನೇ ವ್ಯಾಟಿಕನ್ ಮಹಾಸಭೆ ಬರೆಯಿತು. 1980ರ ದಶಕದಲ್ಲಿ ಸ್ವಿಸ್ ದೈವಶಾಸ್ತ್ರಜ್ಞ ಬಲ್ತಸಾರ್ ಇನ್ನೊಂದು ಹೆಜ್ಜೆ ಮುಂದಿಟ್ಟರು: ಎಲ್ಲರೂ ರಕ್ಷಣೆ ಪಡೆಯುತ್ತಾರೆಂದು ಸಾರುವ ಹಕ್ಕು ನಮಗಿಲ್ಲ, ಹಾಗೆಂದು ಆಶಿಸುವುದು ನಮ್ಮ ಕರ್ತವ್ಯ. ಮನುಷ್ಯ ದೇವರನ್ನು ಬೇಡವೆನ್ನಬಲ್ಲನಲ್ಲವೇ ಎಂಬ ಆಕ್ಷೇಪ ಕೂಡಲೇ ಎದ್ದಿತು, ಅದು ಸುಳ್ಳೂ ಅಲ್ಲ. ನರಕವಿದೆ, ಅದು ನಿತ್ಯ ಎಂದು ಸಭೆ ಈಗಲೂ ಕಲಿಸುತ್ತದೆ. ಆದರೆ ಇಂಥವರು ಅಲ್ಲಿದ್ದಾರೆಂದು ಒಬ್ಬರ ಹೆಸರನ್ನೂ ಘೋಷಿಸಿಲ್ಲ.

ನಾನು ಬಲ್ತಸಾರ್ ಪಕ್ಷ. ಜಪಸರ ಹಿಡಿಯುವ ಕಥೋಲಿಕ ಮನೆಗಳಲ್ಲಿ ಹತ್ತು ಮಣಿ ಮುಗಿದಾಗಲೆಲ್ಲ ಹೇಳುವ, ಪೋರ್ಚುಗಲ್‌ನ ಫಾತಿಮಾ ಊರಿನ ಹೆಸರಿನ ಪ್ರಾರ್ಥನೆ ಕೇಳುವುದೂ ಅದನ್ನೇ: ಎಲ್ಲ ಆತ್ಮಗಳನ್ನೂ ಸ್ವರ್ಗಕ್ಕೆ ಸೇರಿಸು, ನಿನ್ನ ಕರುಣೆ ಹೆಚ್ಚು ಬೇಕಾದವರನ್ನು ವಿಶೇಷವಾಗಿ. ಅಲ್ಲಿ ಯಾರನ್ನೂ ಹೊರಗಿಟ್ಟಿಲ್ಲ.